ಮಹಡಿಯ ಮೇಲಿನ ಅಂಗಿ

ಬಸ್‌ಸ್ಟಾಪಿನ ಬೆಂಚಿನಲ್ಲಿ ಕೂತಿದ್ದ ಡಾಕ್ಟರು, ಪಕ್ಕಕ್ಕೆ ಬಂದು ಕೂತ ದರ್ಜಿಯ ಹೆಂಡತಿಯನ್ನು ಗುರುತಿಸಿ ಕೇಳಿದರು:

"ಯಜಮಾನ್ರು ಹೇಗಿದಾರಮ್ಮ?"

"ಹೋಗ್ಬಿಟ್ರು ಡಾಕ್ಟ್ರೇ. ಊರೆಲ್ಲ ಆ ಜ್ವರ ಹಬ್ಬಿದಾಗ್ಲೇ. ನಿಮ್ಮ ಹತ್ರಾನೂ ಬಂದಿದ್ವಿ. 'ಡಾಕ್ಟರು ಊರಲ್ಲಿಲ್ಲ' ಅಂತ ಬೋರ್ಡ್ ಹಾಕಿತ್ತು."

"ಹೌದು, ಊರಲ್ಲಿರ್ಲಿಲ್ಲ."

"ಮಹಡಿ ಮೇಲೆ ನಿಮ್ಮ ನೀಲಿ ಅಂಗಿ ಒಣಗಾಕಿತ್ತು. ಇನ್ನೂ ನೀರು ತೊಟ್ಟಿಕ್ತಿತ್ತು. ಅವರೇ ಹೊಲಿದದ್ದಲ್ವ, ನೋಡಿದ ಕೂಡ್ಲೇ ಗುರುತು ಹಿಡಿದ್ರು."

ಡಾಕ್ಟರು ನೆಲ ನೋಡಿದರು. "ಏನಂದ್ರು?"

"'ಒಳಗೇ ಇದಾರೆ ಕಣೇ. ಮಕ್ಕಳೊಂದಿಗರು, ಹೆದರಿರ್ತಾರೆ. ಬಾಗಿಲು ತಟ್ಟಬೇಡ, ನಡಿ' ಅಂದ್ರು."

"ತಟ್ಟಬೇಕಿತ್ತಮ್ಮ."

"ತಟ್ಟಿದ್ರೆ ತೆಗೀತಿದ್ರಾ?"

ಬಸ್ಸು ಬಂತು. ಆಕೆ ಹತ್ತುತ್ತ ತಿರುಗಿ ಹೇಳಿದರು:

"ಈಗ ಹಾಕಿರೋದೂ ಅವರ ಹೊಲಿಗೆನೇ. ತೋಳಿನ ಗುಂಡಿ ಸಡಿಲಾಗಿದೆ. ಕಳ್ಸಿಕೊಡಿ, ಹಾಕಿಕೊಡ್ತೀನಿ."