ಗ್ಯಾರೇಜಿನ ಪೆಟ್ಟಿಗೆಗಳಿಗೆ ಕುಂಕುಮ

ವೇದಿಕೆಯ ಮೇಲಿರುವ ಸಂಘದ ಅಧ್ಯಕ್ಷರಾದ ರಘೋತ್ತಮ ಅವರೇ, ಬರ್ಕ್ಲಿಯಲ್ಲಿ ಪಿಎಚ್‌ಡಿ ಮಾಡುತ್ತಿರುವ ನಮ್ಮ ಹುಡುಗಿ ನಿಸರ್ಗಾ ಅವರೇ, ಮೊದಲ ಸಾಲಿನಲ್ಲಿ ಕುಳಿತು ಒಂದು ಅಕ್ಷರ ಕನ್ನಡ ತಿಳಿಯದಿದ್ದರೂ ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟುತ್ತಿರುವ ಪತ್ರಾಗಾರದ ಮೇಡಂ ಅವರೇ, ಪಾರ್ಕಿಂಗ್ ಸಿಗದೆ ಎರಡು ಬೀದಿ ಆಚೆ ಕಾರು ನಿಲ್ಲಿಸಿ ನಡೆದು ಬಂದ ಸಭಿಕರೇ, ಮತ್ತು ಗದುಗಿನ ತಲೆಯ ಮೇಲೆ ಮೈಸೂರು ಪೇಟ ಹೊತ್ತು ಅತ್ತಿತ್ತ ತಿರುಗಲಾಗದೆ ಕುಳಿತಿರುವ ಇಂದಿನ ಸನ್ಮಾನಿತರೇ,

ನಾನು ಗುರುಬಸವ್ವ. ಸನ್ಮಾನಿತರ ಹೆಂಡತಿ. ನನಗೆ ಎರಡು ನಿಮಿಷ ಕೊಟ್ಟಿದ್ದಾರೆ. ಮದುವೆಯಾದಂದಿನಿಂದ ಅವರ ಮಾತು ಕೇಳಿದವಳಿಗೆ ಎರಡೇ ನಿಮಿಷ! ಇದು ನ್ಯಾಯವೇ? ಹಾಗಾಗಿ ರಘೋತ್ತಮ ಅವರು ಕೈಗಡಿಯಾರ ನೋಡಿಕೊಳ್ಳುವುದನ್ನು ಬಿಟ್ಟು ಸ್ವಲ್ಪ ಆರಾಮಾಗಿ ಕೂರಬೇಕು ಎಂದು ವಿನಂತಿಸುತ್ತೇನೆ. ಬಿಸಿಬೇಳೆಬಾತು ಎಲ್ಲಿಗೂ ಓಡುವುದಿಲ್ಲ.

ಸಭಿಕರೇ, ನಮ್ಮ ಫ್ರೀಮಾಂಟಿನ ಮನೆಗೆ ಎರಡು ಕಾರು ನಿಲ್ಲುವ ಗ್ಯಾರೇಜು ಇದೆ. ಅದರಲ್ಲಿ ಇಂದಿನವರೆಗೆ ಒಂದು ಕಾರೂ ನಿಂತಿಲ್ಲ. ಏಕೆ ನಿಂತಿಲ್ಲ? ಏಕೆಂದರೆ ಅಲ್ಲಿ ಅಮೆರಿಕದ ಇಂಧನ ನೀತಿ ನಿಂತಿದೆ. ನೆಲದಿಂದ ಸೂರಿನವರೆಗೆ, ರಟ್ಟಿನ ಪೆಟ್ಟಿಗೆಗಳಲ್ಲಿ.

ಎಪ್ಪತ್ತರ ದಶಕದಲ್ಲಿ ಈ ದೇಶದಲ್ಲಿ ಪೆಟ್ರೋಲು ಸಿಗದೆ ಜನ ಬಂಕಿನ ಮುಂದೆ ಸಾಲುಗಟ್ಟಿದ್ದನ್ನು ನಿಮ್ಮಲ್ಲಿ ಹಿರಿಯರಾದವರು ಬಲ್ಲಿರಿ. ಆಗ ನಮ್ಮ ಯಜಮಾನರು ಒಂದು ಸಣ್ಣ ಕಂಪನಿಯಲ್ಲಿ ಎಂಜಿನಿಯರ್. ಒಂದು ಫ್ರಿಜ್ಜು ಎಷ್ಟು ಕರೆಂಟು ತಿನ್ನಬಹುದು, ಒಂದು ಮನೆಯ ಗೋಡೆ ಎಷ್ಟು ದಪ್ಪ ಇರಬೇಕು ಎಂದು ಸರ್ಕಾರ ನಿಯಮ ಮಾಡಲು ಹೊರಟಾಗ, ಆ ಸಭೆಗಳಿಗೆಲ್ಲ ಕಂಪನಿ ಇವರನ್ನೇ ಕಳುಹಿಸುತ್ತಿತ್ತು. ಸಭೆ ಮುಗಿದ ಮೇಲೆ ಉಳಿದವರು ಮೇಜಿನ ಮೇಲಿನ ಕುಕ್ಕೀಸು ತಿಂದು ಹೊರಡುತ್ತಿದ್ದರು. ಇವರು ಮೇಜಿನ ಮೇಲಿನ ಕಾಗದ ಎತ್ತಿಕೊಂಡು ಹೊರಡುತ್ತಿದ್ದರು. ಬಿಸಾಡಿದ ಕರಡು, ಅಂಚಿನಲ್ಲಿ ಯಾರೋ ಸಿಟ್ಟಿನಿಂದ ಗೀಚಿದ ಟಿಪ್ಪಣಿ, ಇಡೀ ಪುಟಕ್ಕೆ ಅಡ್ಡಗೆರೆ ಎಳೆದ ವರದಿ, ಎಲ್ಲವೂ ನಮ್ಮ ಮನೆಗೆ ಬಂದವು. ಕುಕ್ಕೀಸು ಮಾತ್ರ ಒಂದು ದಿನವೂ ಬರಲಿಲ್ಲ.

"ಇದನ್ನ ತಗೊಂಡು ಏನ ಮಾಡ್ತೀರಿ?" ಎಂದು ಕೇಳುತ್ತಿದ್ದೆ. "ನಾಳೆ ಯಾರರ ಬಂದು ಕೇಳತಾರ" ಎನ್ನುತ್ತಿದ್ದರು. ಕಸದ ಗಾಡಿ ಬರುವ ದಿನ ನಾನು ಗ್ಯಾರೇಜಿನ ಕಡೆ ಹೆಜ್ಜೆ ಇಟ್ಟರೆ ಸಾಕು, ಸ್ನಾನದ ಕೋಣೆಯಿಂದಲೇ ಕೂಗು: "ಏ, ಒಂದು ಹಾಳಿನೂ ಮುಟ್ಟಬ್ಯಾಡ! ಯಾರರ ಬಂದು ಕೇಳತಾರ!"

ಯಾರು ಬಂದರು ಸಭಿಕರೇ? ಯಾರೂ ಬರಲಿಲ್ಲ. ಕಂಪನಿ ಮುಚ್ಚಿತು, ಇವರು ನಿವೃತ್ತರಾದರು, ಒಬ್ಬರೂ ಬರಲಿಲ್ಲ. ಇವರು ಮಾತ್ರ ದಿನಾ ಸಂಜೆ ಗ್ಯಾರೇಜಿಗೆ ಹೋಗಿ, ಒಂದು ಪೆಟ್ಟಿಗೆ ತೆರೆದು, ನಾಳೆ ಬರುವವರಿಗೆ ಉತ್ತರ ತಯಾರು ಮಾಡುತ್ತಿದ್ದರು. ಉತ್ತರ ತಯಾರಾದರೆ ಯಾರಿಗಾದರೂ ಹೇಳಬೇಕಲ್ಲ. ಚಹಾ ಕೊಡಲು ಹೋದ ನನಗೇ ಹೇಳುತ್ತಿದ್ದರು. ನಾನು ಒಂದು ಪೆಟ್ಟಿಗೆಯ ಮೇಲೆ ಕೂತು ಕೇಳುತ್ತಿದ್ದೆ. ಫ್ರಿಜ್ಜಿನ ನಿಯಮದ ಬಗ್ಗೆ ನನಗೆ ಗೊತ್ತಿರುವಷ್ಟು ಈ ಸಭೆಯಲ್ಲಿ ಯಾರಿಗಾದರೂ ಗೊತ್ತಿದ್ದರೆ ಕೈ ಎತ್ತಿ. ನೋಡಿ, ಒಂದು ಕೈಯೂ ಇಲ್ಲ.

ಹೀಗಿರುವಾಗ ನಿಸರ್ಗಾ ಬಂದಳು. ಯುಗಾದಿ ಕಾರ್ಯಕ್ರಮದಲ್ಲಿ ನನ್ನ ಪಕ್ಕ ಕೂತು ಹೋಳಿಗೆ ತಿನ್ನುತ್ತ, ತಾನು ಈ ದೇಶದ ಇಂಧನ ನೀತಿಯ ಇತಿಹಾಸ ಬರೆಯುತ್ತಿದ್ದೇನೆ ಎಂದಳು. ಸರ್ಕಾರದ ಭಂಡಾರಗಳಲ್ಲಿ ಕೊನೆಗೆ ಏನು ತೀರ್ಮಾನವಾಯಿತು ಎಂಬುದು ಸಿಗುತ್ತದಂತೆ. ಅದಕ್ಕೆ ಮೊದಲು ಯಾರು ಬೇಡ ಎಂದರು, ಯಾರು ಹಟ ಹಿಡಿದರು, ಯಾವ ಸಾಲು ರಾತ್ರೋರಾತ್ರಿ ಮಾಯವಾಯಿತು ಎಂಬುದು ಎಲ್ಲೂ ಸಿಗುತ್ತಿಲ್ಲವಂತೆ. ನಾನು ಅವಳ ಎಲೆಗೆ ಇನ್ನೊಂದು ಹೋಳಿಗೆ ಹಾಕಿ, "ಶನಿವಾರ ನಮ್ಮ ಗ್ಯಾರೇಜಿಗೆ ಬಾ ಅವ್ವಾ" ಎಂದೆ.

ಬಂದಳು. ಇವರು ಅಂದು ಇಸ್ತ್ರಿ ಮಾಡಿದ ಶರ್ಟು ಹಾಕಿದ್ದರು. ಗ್ಯಾರೇಜಿಗೆ!

ಆಮೇಲೆ ಅವಳು ಪತ್ರಾಗಾರದ ಈ ಮೇಡಂ ಅವರನ್ನು ಕರೆತಂದಳು. ಪತ್ರಾಗಾರ ಎಂದರೆ ಹಳೆಯ ಕಾಗದಗಳ ಮಡಿಯ ಅಡುಗೆಮನೆ. ಒಳಗೆ ಪೆನ್ನು ತರಬಾರದು, ಪೆನ್ಸಿಲ್ ಮಾತ್ರ. ನೀರು ತರಬಾರದು. ಕೈ ತೊಳೆದು ಒರೆಸಿಕೊಂಡು ಬರಬೇಕು. ಯಾವ ಕಾಗದ ಯಾವ ಕ್ರಮದಲ್ಲಿತ್ತೋ ಅದೇ ಕ್ರಮದಲ್ಲಿ ಇರಬೇಕು. ನಮ್ಮ ಅತ್ತೆಯವರು ಬದುಕಿದ್ದರೆ ಅವರನ್ನು ಅಲ್ಲಿ ಮುಖ್ಯಸ್ಥೆ ಮಾಡುತ್ತಿದ್ದರು.

ಮೇಡಂ ನಮ್ಮ ಪೆಟ್ಟಿಗೆಗಳನ್ನು ನೋಡಿ ಬೆರಗಾದರು. ಪ್ರತಿ ಪೆಟ್ಟಿಗೆಯ ಮೇಲೆ ಹಳದಿ ಚುಕ್ಕೆ, ಅದರ ನಡುವೆ ಕೆಂಪು ಚುಕ್ಕೆ. ಕೆಲವು ಪೆಟ್ಟಿಗೆಗೆ ಕಡಿಮೆ, ಕೆಲವಕ್ಕೆ ಮೈತುಂಬ. ಮುಟ್ಟದೆ, ಉಸಿರು ಬಿಗಿಹಿಡಿದು ಫೋಟೋ ತೆಗೆದರು. ನಿಸರ್ಗಾ ಇನ್ನೂ ಒಂದು ಹೆಜ್ಜೆ ಮುಂದೆ ಹೋದಳು. ಬರ್ಕ್ಲಿಯಲ್ಲಿ ಒಂದು ಸೆಮಿನಾರು. ದೊಡ್ಡ ಪರದೆಯ ಮೇಲೆ ನಮ್ಮ ಗ್ಯಾರೇಜು. ಈ ಎಂಜಿನಿಯರರು ತಮ್ಮದೇ ಆದ ಗುಪ್ತ ಬಣ್ಣದ ಪದ್ಧತಿಯಿಂದ ಕಾಗದಗಳ ಮಹತ್ವವನ್ನು ಗುರುತಿಸಿದ್ದಾರೆ, ಹೆಚ್ಚು ಚುಕ್ಕೆ ಇದ್ದಷ್ಟೂ ಹೆಚ್ಚು ಮಹತ್ವ ಎಂದು ಇಂಗ್ಲಿಷಿನಲ್ಲಿ ವಿವರಿಸಿದಳು. ಪ್ರೊಫೆಸರುಗಳು ತಲೆದೂಗಿದರು. ಇವರೂ ತಲೆದೂಗಿದರು! ಗೊತ್ತಿದ್ದೂ, ಎರಡನೇ ಸಾಲಿನಲ್ಲಿ ಕೂತು, ಗಂಭೀರವಾಗಿ.

ನಾನು ಕೈ ಎತ್ತಿದೆ. ಅದು ನನ್ನ ಕೈ ನೋಡ್ರಿ, ಆ ಚುಕ್ಕೆ ಇಟ್ಟ ಕೈ. ಆಯುಧಪೂಜೆಯ ದಿನ ನೀವೆಲ್ಲ ಕಾರಿಗೆ, ಲ್ಯಾಪ್‌ಟಾಪಿಗೆ ಪೂಜೆ ಮಾಡುತ್ತೀರಿ. ನಮ್ಮ ಮನೆಯಲ್ಲಿ ಇವರ ಆಯುಧ ಯಾವುದು? ಗ್ಯಾರೇಜಿಗೆ ಹೋಗಿ ಒಂದೊಂದು ಪೆಟ್ಟಿಗೆಗೂ ಅರಿಶಿನ ಕುಂಕುಮ ಹಚ್ಚಿ, ಊದುಬತ್ತಿ ಬೆಳಗಿ ಬರುತ್ತಿದ್ದೆ. ಸೆಮಿನಾರಿನಲ್ಲಿ ಎದ್ದು ಅದನ್ನೇ ಹೇಳಿದೆ. ಅಷ್ಟು ಕಾಗದದ ನಡುವೆ ಊದುಬತ್ತಿ ಎಂದು ಕೇಳಿ ಮೇಡಂ ಅವರ ಮುಖ ಬಿಳುಚಿತು. ನಿಸರ್ಗಾ ಪಾಪ, ನಮ್ಮ ಕುಂಕುಮದಷ್ಟೇ ಕೆಂಪಗಾದಳು. ಮನೆಯಲ್ಲಿ ಕಾರಿಗೆ ಕುಂಕುಮ ಇಟ್ಟದ್ದನ್ನು ಹುಟ್ಟಿದಾಗಿನಿಂದ ನೋಡಿದ ಹುಡುಗಿ. ಆದರೆ ಸಂಶೋಧನೆಯ ಕನ್ನಡಕ ಹಾಕಿದ ಮೇಲೆ ಅವಳಿಗೆ ಅದು ಕುಂಕುಮವಾಗಿ ಕಾಣಲೇ ಇಲ್ಲ.

ಆಗ ಒಬ್ಬ ಮುದಿ ಪ್ರೊಫೆಸರು ಎದ್ದು, ವರ್ಷಕ್ಕೆ ಒಂದೇ ಚುಕ್ಕೆಯೇ ಎಂದು ಕೇಳಿದರು. ಒಂದೇ ಎಂದೆ. ಒಂದು ವರ್ಷವೂ ತಪ್ಪಿಸಿಲ್ಲವೇ ಎಂದರು. ತಪ್ಪಿಸಿಲ್ಲ ಎಂದೆ. ಹಾಗಾದರೆ ಚುಕ್ಕೆ ಎಣಿಸಿದರೆ ಆ ಪೆಟ್ಟಿಗೆ ಯಾವ ವರ್ಷ ಮನೆಗೆ ಬಂತೆಂದು ತಿಳಿಯುತ್ತದೆ ಎಂದರು. ಇಡೀ ಸಭೆ ಓಹೋ ಎಂದಿತು. ನಿಸರ್ಗಾಳ ಅಧ್ಯಾಯ ಬದುಕಿತು. ದೇವರ ಕೆಲಸ ದೇವರೇ ನೋಡಿಕೊಂಡ.

ಇಷ್ಟೆಲ್ಲ ಆದ ಮೇಲೆ ಪತ್ರಾಗಾರದವರು ಪೆಟ್ಟಿಗೆಗಳನ್ನು ಗೌರವದಿಂದ ಕೇಳಿದ್ದಾರೆ. ಇವರು ಕೊಟ್ಟರೇ? ಇಲ್ಲ. ದಾನಪತ್ರ ನಮ್ಮ ಊಟದ ಮೇಜಿನ ಮೇಲೆ ಎರಡು ದೀಪಾವಳಿ ಕಂಡಿತು. ಒಮ್ಮೆ ಕ್ರಮ ಕೆಡುತ್ತದೆ ಎನ್ನುತ್ತಾರೆ, ಒಮ್ಮೆ ಬೆನ್ನು ನೋವು ಎನ್ನುತ್ತಾರೆ. ಬೆನ್ನಿಗೂ ಸಹಿಗೂ ಏನು ಸಂಬಂಧ? ಇಲ್ಲಿಯ ನೆಲದಲ್ಲಿ ಭೂಕಂಪ ಯಾವಾಗ ಎಂದು ಹೇಳಲಾಗದು, ನಮ್ಮ ಗ್ಯಾರೇಜಿನ ಸೂರು ಮಳೆಗೆ ಸೋರುತ್ತದೆ. ಮೊನ್ನೆ ಒಂದು ಪೆಟ್ಟಿಗೆಯ ತಳ ನೆನೆದು, ಒಂದು ಇಡೀ ವರ್ಷದ ಸಭೆಗಳು ಮುದ್ದೆಯಾದವು. ಆ ಸಂಜೆ ಇವರು ಊಟ ಮಾಡಲಿಲ್ಲ. ಆದರೂ ಸಹಿ ಹಾಕಲಿಲ್ಲ.

ಏಕೆ ಎಂದು ನನಗೆ ಗೊತ್ತು. ಇದನ್ನು ಹೇಳಬೇಕೆಂದು ಬಂದವಳಲ್ಲ, ಬಾಯಿಗೆ ಬಂತು, ಹೇಳುತ್ತೇನೆ. ಕಾಗದ ಅಲ್ಲಿಗೆ ಹೋದರೆ ಕೇಳುವವರೂ ಅಲ್ಲಿಗೇ ಹೋಗುತ್ತಾರೆ. ಶನಿವಾರ ಬೆಲ್ಲು ಆಗುವುದಿಲ್ಲ. ಇಸ್ತ್ರಿ ಶರ್ಟಿಗೆ ಕೆಲಸ ಇರುವುದಿಲ್ಲ. ಆ ಭಯ ಇವರದು. ನನ್ನದೂ ಅದೇ, ಸಂಜೆ ಚಹಾ ಹಿಡಿದು ನಾನಾದರೂ ಎಲ್ಲಿಗೆ ಹೋಗಲಿ?

ಅದಕ್ಕೇ ನಾನು ಮೇಡಂ ಜೊತೆ ಬೇರೆಯಾಗಿ ಮಾತಾಡಿದೆ. ಪೆಟ್ಟಿಗೆ ಬೇಕಾದರೆ ಅದರ ಜೊತೆ ಇವರನ್ನೂ ತೆಗೆದುಕೊಂಡು ಹೋಗಿ ಎಂದೆ. ಆ ಗೀಚಿದ ಅಕ್ಷರ ಯಾರದು, ಸಭೆಯ ಹಳೆಯ ಫೋಟೋದಲ್ಲಿ ಮುಖ ಸಿಂಡರಿಸಿದವರು ಯಾರು ಎಂದು ಇವರನ್ನು ಬಿಟ್ಟು ಇನ್ನು ಯಾರು ಹೇಳಬೇಕು? ಅವರು ಒಪ್ಪಿದ್ದಾರೆ. ವಾರಕ್ಕೆ ಎರಡು ದಿನ ಇವರಿಗೆ ಅಲ್ಲೊಂದು ಕುರ್ಚಿ. ಪಕ್ಕದಲ್ಲಿ ನನಗೊಂದು ಸ್ಟೂಲು. ಚಹಾ ಹೊರಗೆ ಕುಡಿಯಬೇಕಂತೆ, ಹೊಂದಿಕೊಳ್ಳೋಣ.

ಹೌದು, ಇಂದಿನ ಸನ್ಮಾನವೂ ನನ್ನದೇ ಏರ್ಪಾಡು. ರಘೋತ್ತಮ ಅವರನ್ನು ಬೈಯಬೇಡಿ. ಶಾಲು ಹೊದ್ದು, ಹಾರ ಹಾಕಿಸಿಕೊಂಡು, ಹಣ್ಣಿನ ಬುಟ್ಟಿ ತೊಡೆಯ ಮೇಲಿಟ್ಟುಕೊಂಡ ಮನುಷ್ಯ ಎಲ್ಲರ ಮುಂದೆ ಇಲ್ಲ ಎನ್ನಲಾರ ಎಂದು ನನಗೆ ಗೊತ್ತಿತ್ತು.

ನಮ್ಮ ಕಡೆ ಗಂಡನ ಹೆಸರನ್ನು ಪ್ರಾಸ ಹಾಕಿ ಒಡಪು ಕಟ್ಟಿಯೇ ಹೇಳಬೇಕು. ಇಷ್ಟು ಹೊತ್ತು 'ಇವರು' 'ಇವರು' ಎಂದು ದಾಟಿಸಿದೆ. ಈಗ ಹೇಳುತ್ತೇನೆ, ಕೇಳಿ:

"ಗ್ಯಾರೇಜ ತುಂಬ ಪೆಟಗಿ, ಪೆಟಗಿ ತುಂಬ ಹಾಳಿ,
ಸೋಮಲಿಂಗಪ್ಪನವರು ಸಹಿ ಮಾಡತಾರ ಹೆಂಡತಿ ಮಾತು ಕೇಳಿ!"

ಚಪ್ಪಾಳೆ ಆಮೇಲೆ, ಅವರು ಎದ್ದಿದ್ದಾರೆ. ನಿಸರ್ಗಾ, ದಾನಪತ್ರ ಕೊಡು. ಅಯ್ಯೋ, ಪೆನ್ಸಿಲ್ ಅಲ್ಲ ಅವ್ವಾ, ಇವತ್ತೊಂದು ದಿನ ಪೆನ್ನು ಕೊಡು! ಪೇಟ ಕಣ್ಣಿಗೆ ಬರುತ್ತಿದೆ, ಯಾರಾದರೂ ಹಿಡಿಯಿರಿ. ಹಾಂ. ಮಾಡಿದರು. ಈಗ ತಟ್ಟಿ.

ಮೇಡಂ, ಒಂದು ಮಾತು ಉಳಿಯಿತು. ನಾಳೆ ನಿಮ್ಮ ಟ್ರಕ್ಕು ಬಂದಾಗ ಒಂದು ಪೆಟ್ಟಿಗೆ ಕಡಿಮೆ ಇರುತ್ತದೆ. ಮೇಲೆ ಕೂತು ಕೂತು ಅದರ ಮುಚ್ಚಳ ತಗ್ಗಾಗಿದೆ. ಅದನ್ನು ನಿನ್ನೆಯೇ ಒಳಗೆ, ದೇವರ ಕೋಣೆಗೆ ಸಾಗಿಸಿದ್ದೇನೆ. ಯಾಕೆ ಎಂದು ಈಗ ಹೇಳುವುದಿಲ್ಲ. ನಾಳೆ ಯಾರರ ಬಂದು ಕೇಳತಾರ.

ನನ್ನ ಎರಡು ನಿಮಿಷವನ್ನು ಇಷ್ಟು ದೊಡ್ಡದು ಮಾಡಿಕೊಟ್ಟ ಅಧ್ಯಕ್ಷರಿಗೂ, ಹಸಿದ ಹೊಟ್ಟೆಯಲ್ಲಿ ನಕ್ಕ ನಿಮಗೆಲ್ಲರಿಗೂ ಧನ್ಯವಾದ. ನಮಸ್ಕಾರ.