ಕರೆಂಟಿಲ್ಲದ ತಂತಿ

ಗೂಡ್ಸ್ ಗಾಡಿ ಅಡ್ಡ ನಿಂತಿತ್ತು. ಅದು ಹೊರಟ ಮೇಲೆ ಹಳಿ ದಾಟಲು ಒಬ್ಬ ಗಂಡಸು, ಒಬ್ಬ ಹೆಂಗಸು ಕೊಡೆ ಹಿಡಿದು ಕಾಯುತ್ತಿದ್ದರು. ಲೋಕಲ್ ಗಾಡಿಗೆ ಕಾದು ಪಕ್ಕದ ಬೆಂಚಿನಲ್ಲಿ ಕೂತಿದ್ದ ಶ್ರೀವಾಣಿ ಟೀಚರಿಗೆ, ಬೇಡವೆಂದರೂ ಅವರ ಮಾತು ಕೇಳಿಸುತ್ತಿತ್ತು.

“ನಿಯಾಸ್ ಎಲ್ಲಿ ಬಿದ್ದದ್ದು ಕೋಯಾಕ?” ಹೆಂಗಸು ಜೊತೆಗಿದ್ದವರನ್ನು ಕೇಳಿದರು.

“ಇದೇ ಗೂಡ್ಸ್ ಹಳಿಯಲ್ಲಿ ಪರಮೇಶ್ವರಿಯಕ್ಕ. ಅಡಿಕೆ ಕೊಯ್ಯುವ ಉದ್ದ ದೋಟಿ ನೆಟ್ಟಗೆ ಹಿಡಿದುಕೊಂಡು ದಾಟುತ್ತಿದ್ದ, ನನ್ನ ತಮ್ಮನ ಮಗ.”

“ದೋಟಿ ಮೇಲಿನ ತಂತಿಗೆ ತಾಗಿತಾ?”

“ತಾಗಬೇಕಂತ ಇಲ್ಲ. ಹತ್ತಿರ ಹೋದರೆ ಸಾಕು, ಕರೆಂಟ್ ಎಳೆಯುತ್ತದಂತೆ.”

“ಅಪಾಯ ಅಂತ ಬೋರ್ಡ್ ಉಂಟಲ್ಲ?”

“ಬೋರ್ಡ್ ತಂತಿ ಕಟ್ಟಿದ ದಿನದಿಂದ ಉಂಟು. ಆಚೆ ಎರಡು ಹಳಿಗೆ ಕರೆಂಟ್ ಬಂದು ಎಷ್ಟು ಕಾಲವಾಯಿತು, ಇದಕ್ಕೆ ಮಾತ್ರ ಬರೀ ತಂತಿ ಇದ್ದದ್ದು. ಅಲ್ಲಿ ದೋಟಿ ಮಲಗಿಸಿ ದಾಟುವುದು, ಇಲ್ಲಿಗೆ ಬಂದ ಕೂಡಲೇ ಮತ್ತೆ ನೆಟ್ಟಗೆ ಮಾಡುವುದು. ನಮ್ಮದೆಲ್ಲ ಅದೇ ಅಭ್ಯಾಸ.”

“ಇದಕ್ಕೂ ಕರೆಂಟ್ ಕೊಟ್ಟದ್ದನ್ನು ಯಾರೂ ಹೇಳಲಿಲ್ವಾ?”

“ಅವನು ಬಿದ್ದ ಮೇಲೆಯೇ ನಮಗೆ ಗೊತ್ತಾದದ್ದು.”



ಗೂಡ್ಸ್ ಕಿರುಗುಟ್ಟುತ್ತಾ ಹೊರಟಿತು. ಬಿಸಿಲು ನೆತ್ತಿ ಸುಡುತ್ತಿತ್ತು. ಆದರೂ ಹಳಿಗೆ ಕಾಲಿಡುವ ಮೊದಲು ಇಬ್ಬರೂ ಕೊಡೆ ಮಡಚಿದ್ದನ್ನು ಟೀಚರ್ ನೋಡಿದರು.