ಬೆನ್ನಿನ ಪರೀಕ್ಷೆ

ಬೆನ್ನುನೋವೆಂದು ಆಸ್ಪತ್ರೆಗೆ ಬಂದಿದ್ದ ಟೈಲರಮ್ಮ ಸರದಿಗಾಗಿ ಕಾಯುತ್ತಿದ್ದಳು. ಪಕ್ಕದಲ್ಲಿ ಹರೆಯದ ಅಕ್ಕತಂಗಿಯರು. ಬೋರಲು ಮಲಗಿ, ಸೊಂಟದ ಮೇಲಿನ ಮೈಯನ್ನು ಮಂಚದಾಚೆ ಗಾಳಿಯಲ್ಲಿ ಎತ್ತಿ ಹಿಡಿಯುವ ಪರೀಕ್ಷೆ ಮುಗಿಸಿ ಈಗಷ್ಟೇ ಹೊರಬಂದಿದ್ದರು.

"ಎತ್ತರ, ತೂಕ, ಸೊಂಟದ ಸುತ್ತಳತೆ ಎಲ್ಲಾ ಇಬ್ರದ್ದೂ ಒಂದೇ. ನಾನು ಬೇಗ ಕುಸಿದೆ. ನಿಂಗೆ ಅಷ್ಟು ಹೊತ್ತು ಹೇಗಾಯ್ತೇ?"

"ಕೆಳಗಿಂದ ನೀನು ಕೈ ಕೊಟ್ಟಿದ್ಯಲ್ಲಕ್ಕ."

"ನಾನು ನಿನ್ನ ಕಾಲು ಹಿಡ್ಕೊಂಡಿದ್ದೆ ಕಣೇ."

"ತಮಾಷೆ ಮಾಡ್ಬೇಡ. ಎದೆ ಕೆಳಗೆ ಎರಡು ಕೈ ಇತ್ತು. ತಣ್ಣಗಿತ್ತು."

"ಕೆಳಗೆ ಬರೀ ನೆಲ ಇತ್ತು."

ತಂಗಿ ಬಗ್ಗಿ ತನ್ನ ಎದೆಯ ಕೆಳಗೆ ನೋಡಿಕೊಂಡಳು.

"ಹಾಗಾದ್ರೆ ಈಗ್ಲೂ ಹಿಡ್ಕೊಂಡಿರೋದು ಯಾರಕ್ಕ?"

ಅಕ್ಕ ಅವಳ ತೋಳು ಹಿಡಿದು ದರದರ ಬಾಗಿಲ ಕಡೆ ಎಳೆದೊಯ್ದಳು. ತಂಗಿ ಮುಗ್ಗರಿಸುವವಳಂತೆ ಪೂರ್ತಿ ಮುಂದಕ್ಕೆ ವಾಲಿಕೊಂಡೇ ನಡೆದಳು, ಬೀಳಲಿಲ್ಲ. ಒಳಗಿನಿಂದ ಕರೆ ಬಂದರೂ ಟೈಲರಮ್ಮ ಕೂತಲ್ಲಿಂದ ಏಳಲಿಲ್ಲ.